ಹನ್ನೆರಡು ನಿಮಿಷ

ಆ ಸರ್ವರ್ ಕೋಣೆಯಲ್ಲಿ ಅವನೊಬ್ಬನೇ. ಲಿನಕ್ಸ್ ಅಪ್‌ಡೇಟ್ ಆದಾಗಲೆಲ್ಲ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಕೈಕೊಡುತ್ತಿತ್ತು. ಸಂಪರ್ಕ ಕಡಿದುಕೊಂಡ ಸರ್ವರಿನ ಮುಂದೆ ಕೂತು ಅದನ್ನು ಹೊಸದಾಗಿ ಬಿಲ್ಡ್ ಮಾಡಬೇಕಿತ್ತು. ಅದಕ್ಕೆ ಹನ್ನೆರಡು ನಿಮಿಷ. ಅಷ್ಟು ಹೊತ್ತೂ, ಹೆಡ್ ಆಫೀಸಿನಲ್ಲಿ ಕೂತು ಅಪ್‌ಡೇಟ್ ಮಾಡುತ್ತಿದ್ದ ಆಕೆ ಫೋನಿನಲ್ಲಿ ಇರುತ್ತಿದ್ದಳು. ಆಕೆಯ ಮುಖವನ್ನು ಅವನು ನೋಡಿರಲಿಲ್ಲ; ಆದರೆ ಅವನ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ ಅದೊಂದೇ.

ಆಕೆಗೆ ತೊಂದರೆ ತಪ್ಪಲೆಂದು ಜನವರಿಯಲ್ಲಿ ಅವನು, ಡ್ರೈವರ್ ತಾನಾಗಿಯೇ ಬಿಲ್ಡ್ ಆಗುವಂತೆ ಮಾಡಿಟ್ಟ. ಆಮೇಲೆ ಅಪ್‌ಡೇಟ್‌ಗಳು ಬಂದವು, ಹೋದವು; ಫೋನ್ ಮಾತ್ರ ರಿಂಗಾಗಲಿಲ್ಲ. ಬುದ್ಧಿವಂತಿಕೆ ತೋರಿಸಲು ಹೋಗಿ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ.

ಮೂರು ತಿಂಗಳ ಮೇಲೆ, ಒಂದು ಮಧ್ಯಾಹ್ನ ಫೋನ್ ಬಂತು.

“ಸರ್, ಅಪ್‌ಡೇಟ್ ಮಾಡ್ದೆ. ಮತ್ತೆ ಸರ್ವರ್ ಸಿಗ್ತಾ ಇಲ್ಲ.”

“ಈಗ್ಲೇ ಬಿಲ್ಡ್‌ಗೆ ಹಾಕ್ತೀನಿ ಮೇಡಂ.”

“ಊಟ ಆಯ್ತಾ?”

“ಆಯ್ತು. ಮೊಸರನ್ನ. ನಿಮ್ದು?”

“ನಂದೂ ಅದೇ. ಒಬ್ಬಳಿಗೆ ಅಂತ ಇನ್ನೇನ್ ಅಡುಗೆ ಮಾಡೋದು.”

ಮಾತಾಡುತ್ತಲೇ ಅವನು, ತಾನು ಮಾಡಿಟ್ಟ ಏರ್ಪಾಡು ಯಾಕೆ ಕೆಟ್ಟಿತೆಂದು ಸರ್ವರಿನ ದಾಖಲೆ ತೆರೆದು ನೋಡಿದ. ಕೆಟ್ಟಿರಲಿಲ್ಲ. ಬೆಳಿಗ್ಗೆ ಯಾರೋ ಅದನ್ನು ತೆಗೆದುಹಾಕಿದ್ದರು. ಪಕ್ಕದಲ್ಲೇ ಆಕೆಯ ಲಾಗಿನ್ ಹೆಸರಿತ್ತು.

“ಯಾಕೆ ಹೀಗಾಯ್ತು, ಗೊತ್ತಾಯ್ತಾ ಸರ್?” ಆಕೆಯ ದನಿ ಸಣ್ಣಗಾಗಿತ್ತು.

“ಇಲ್ಲ ಮೇಡಂ. ಇನ್ಮೇಲೆ ಅಪ್‌ಡೇಟ್ ಮಾಡ್ದಾಗಲೆಲ್ಲ ನೀವು ಫೋನ್ ಮಾಡ್ಲೇಬೇಕಾಗುತ್ತೆ.”