ಐದು ನಿಮಿಷದ ಬಾಗಿಲು

ಆ ಆಫೀಸಿನ ಬಾಗಿಲು ಸಂಜೆ ಆರಕ್ಕೆ ಐದೇ ನಿಮಿಷ ತೆರೆಯುತ್ತಿತ್ತು. ಮತ್ತೆ ತೆರೆಯುತ್ತಿದ್ದುದು ಬೆಳಗ್ಗೆ ಒಂಬತ್ತಕ್ಕೆ. ಅದು ಕೇಳುತ್ತಿದ್ದುದು ರೂಟರಿನ ಗಡಿಯಾರದ ಮಾತು ಮಾತ್ರ. ಆ ಗಡಿಯಾರವನ್ನು ಮ್ಯಾನೇಜರು ಬೇಕೆಂದೇ ಅರ್ಧ ಗಂಟೆ ಹಿಂದಿಟ್ಟಿದ್ದರು. ಯಾರಾದರೂ ಕೈಗಡಿಯಾರ ತೋರಿಸಿದರೆ ಮೂಗಿನಲ್ಲೇ ಹೇಳುತ್ತಿದ್ದರು: "ಅವಸರ ಯಾಕಪ್ಪಾ? ಇನ್ನೂ ಆರಾಗಿಲ್ಲ." ಆ ದನಿಯನ್ನು ಹಾಗೆಯೇ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದವನು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಾಮನ.

ಇವತ್ತು ಅವನಿಗೇ ನಗು ಬರಲಿಲ್ಲ. ಏಳಕ್ಕೆ ಮಗಳ ಶಾಲೆಯಲ್ಲಿ ನಾಟಕ, ಅವಳದೇ ರಾಣಿ ಪಾತ್ರ. ಪುಣ್ಯಕ್ಕೆ, ರೂಟರಿಗೆ ಉಪಗ್ರಹದಿಂದಲೇ ಸಮಯ ಕೊಡಿಸಿ ಎಂದು ಹೆಡ್ ಆಫೀಸಿನ ಅಪ್ಪಣೆ ಬಂದಿತ್ತು. ಅವನು ಕಿಟಕಿಗೆ ಆಂಟೆನಾ ಕೂರಿಸಿದ. ಗಡಿಯಾರವನ್ನು ಇನ್ನು ಯಾರೂ ಕೈಯಾರೆ ತಿದ್ದದಂತೆಯೂ ಮಾಡಿದ.

"ಆಕಾಶದಿಂದ ಬರೋ ಟೈಮು ಸಾರ್. ಇನ್ನು ನಿಮ್ಮ ಕೈಗೆಟುಕಲ್ಲ," ಎನ್ನುತ್ತಾ ಗುಂಡಿ ಒತ್ತಿದ.

ಐದೂ ಮುಕ್ಕಾಲು ತೋರಿಸುತ್ತಿದ್ದ ಗಡಿಯಾರ ಒಂದೇ ನೆಗೆತಕ್ಕೆ ಆರೂ ಕಾಲಾಯಿತು.

ವಾಮನ ಬ್ಯಾಗು ಹೆಗಲಿಗೇರಿಸಿ ಓಡಿಹೋಗಿ ಬಾಗಿಲು ತಳ್ಳಿದ. ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದ.

ಹಿಂದೆ ಮ್ಯಾನೇಜರು ಕುರ್ಚಿಗೆ ಒರಗಿಕೊಂಡರು.

"ಅವಸರ ಯಾಕಪ್ಪಾ? ಇನ್ನೂ ಒಂಬತ್ತಾಗಿಲ್ಲ."