ಹೊತ್ತಿಗೆ ಮುಂಚಿನ ಗಟ್ಟಿಮೇಳ

"ಇನ್ನೂ ಸ್ವಲ್ಪ ಜೋರು ಮಾಡಮ್ಮ. ನಮ್ಮ ಯಜಮಾನರಿಗೆ ಕಿವಿ ಮಂದ," ಎಂದರು ರಂಗನಾಯಕಿ, ಕಾಫಿ ಲೋಟ ಇಡುತ್ತ.

ರೂಪಶ್ರೀ ಸಿ.ಡಿ. ಪ್ಲೇಯರಿನ ಗುಂಡಿ ತಿರುಗಿಸಿದಳು. ಅವಳಿಗೆ ಬೇಕಾಗಿದ್ದೂ ಅದೇ. ಎಂಟು ವರ್ಷ ಕಾದಿದ್ದು ಈ ಒಂದು ಭಾನುವಾರಕ್ಕೆ.

ಎದುರಿನ ಬೆತ್ತದ ಕುರ್ಚಿಯಲ್ಲಿ ಚಲುವನಾರಾಯಣ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಭೂಸ್ವಾಧೀನಾಧಿಕಾರಿಯಾಗಿ ನಿವೃತ್ತರಾದವರು, ಈಗ ಹಾಸನದ ಒಂದು ಸಂಗೀತ ಸಭಾದ ಅಧ್ಯಕ್ಷರು. ಹೊರಗಿನವರು ಯಾರು ಹೊಸ ಸಿ.ಡಿ. ತಂದರೂ ಕೂತು ಕೇಳಿ ತೀರ್ಪು ಕೊಡುವುದು ಅವರ ಚಟ. ಮನೆಯವರ ಮಾತು ಕೇಳುವ ಚಟ ಮಾತ್ರ ಇರಲಿಲ್ಲ. ಅರಕಲಗೂಡಿನ ಕಾಲೇಜಿನ ಲೆಕ್ಚರರ್ ಎಂದು ರೂಪಶ್ರೀ ಫೋನ್ ಮಾಡಿದಾಗ ಎತ್ತಿದ್ದವರು ರಂಗನಾಯಕಿ. ಯಾವ ಸಿ.ಡಿ. ಎಂದಷ್ಟೇ ಕೇಳಿದರು. ಹೆಸರು ಹೇಳುತ್ತಲೇ, "ಭಾನುವಾರ ಹತ್ತಕ್ಕೆ ಬಾಮ್ಮ, ಮನೇಲೇ ಇರ್ತಾರೆ" ಎಂದಿದ್ದರು.

ಸಿ.ಡಿ.ಯ ಹೆಸರು 'ಕೇಳಿಸದವರು'. ಬೆಂಗಳೂರಿನ ನಾಲ್ವರು ಜಾಸ್ ವಾದಕರು ಹೋದ ವರ್ಷ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರು: ಯಾರ ಬಾಯಿ ಮುಚ್ಚಿಸಲಾಯಿತೋ ಅವರ ದನಿ ಯಾವ ಕ್ಯಾಸೆಟ್ಟಿನಲ್ಲಿದ್ದರೂ ಕಳಿಸಿ. ಬಂದ ದನಿಗಳಿಗೆ ಸ್ಯಾಕ್ಸೋಫೋನು, ಡ್ರಮ್ಮು ಜೊತೆಗಿಟ್ಟು ಎಂಟು ತುಣುಕು ಮಾಡಿದ್ದರು. ಗುಡಿಸಲು ಕಳೆದುಕೊಂಡವಳದು ಒಂದು, ಬಾಗಿಲು ಹಾಕಿದ ಮಿಲ್ಲಿನವನದು ಇನ್ನೊಂದು.

"ಶ್ರುತಿ ಇದೆ, ಶಿಸ್ತಿಲ್ಲ," ಚಲುವನಾರಾಯಣ ಮೂರನೆಯದು ಮುಗಿದಾಗ ಹೇಳಿದರು. "ಸಂಗೀತದಲ್ಲಿ ಈ ರಾಜಕೀಯ ಯಾಕೆ ಬೇಕಮ್ಮ?"

"ನಾಲ್ಕನೇದು ಕೇಳಿ ಸಾರ್. ನಿಮಗೆ ಪರಿಚಯದ್ದು."

ರೂಪಶ್ರೀ ಇದುವರೆಗೆ ಆ ನಾಲ್ಕನೆಯದರ ಆಚೆಗೆ ಹೋಗಿರಲಿಲ್ಲ. ಅಲ್ಲಿಗೆ ಬಂದೊಡನೆ ಅಳು ಬರುತ್ತಿತ್ತು, ಆಫ್ ಮಾಡುತ್ತಿದ್ದಳು. ಅದು ಅವಳ ಅಪ್ಪ, ಕಟ್ಟಾಯದ ಬೈರಯ್ಯನ ದನಿ.

ತೊಂಬತ್ತಾರರಲ್ಲಿ ಇದೇ ಚಲುವನಾರಾಯಣರ ಮಗಳ ಮದುವೆ. ಆಫೀಸಿನೊಳಗೆ ಬಿಡದಿದ್ದಾಗ ಬೈರಯ್ಯ ಛತ್ರಕ್ಕೇ ಬಂದ, ಮಂಟಪದ ಮುಂದೆ ನಿಂತು ತನ್ನ ಜಮೀನಿನ ವಿಚಾರ ಕೇಳತೊಡಗಿದ. ಸಾಹೇಬರು ಓಲಗದವರತ್ತ ಬೆರಳೆತ್ತಿ, "ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಡೋಲು, ಸ್ಯಾಕ್ಸೋಫೋನು ಒಟ್ಟಿಗೆ ಮೊರೆದವು. ಗಟ್ಟಿಮೇಳ ಆದಮೇಲೆ ಜನ ಸುಮ್ಮನಿರುತ್ತಾರೆಯೇ? ಎದ್ದು ನಿಂತು ಅಕ್ಷತೆ ಎಸೆದರು. ಅರ್ಧ ಬೈರಯ್ಯನ ತಲೆಯ ಮೇಲೆ ಬಿತ್ತು. ಗಾಬರಿಯಾದ ವರ ತಾಳಿಯನ್ನೂ ಕಟ್ಟಿಬಿಟ್ಟ. ಲಗ್ನಕ್ಕೆ ಇನ್ನೂ ಹನ್ನೊಂದು ನಿಮಿಷವಿತ್ತು.

ಅಂದಿನಿಂದ ಅಪ್ಪ ಗಟ್ಟಿಯಾಗಿ ಮಾತಾಡಲೇ ಇಲ್ಲ. ಎರಡು ವರ್ಷಕ್ಕೆ ಹೋಗಿಬಿಟ್ಟ.

ಮದುವೆಯ ಹುಡುಗಿ ಪ್ರಿಯಂವದಾಳ ಕಥೆಯೂ ರೂಪಶ್ರೀಯ ಕಿವಿಗೆ ಬಿದ್ದಿತ್ತು. ಹೊಳೆನರಸೀಪುರದ ಅತ್ತೆಮನೆಯವರು ಆಕಳು ಸತ್ತರೂ ಮುಹೂರ್ತ ತಪ್ಪಿದವಳ ಕಾಲ್ಗುಣ ಎಂದರಂತೆ. ಮೂರು ಸಲ ತೌರಿಗೆ ಬಂದವಳನ್ನು ಚಲುವನಾರಾಯಣ ಅರಿಶಿನ ಕುಂಕುಮ ಕೊಡಿಸಿ ವಾಪಸು ಕಳಿಸಿದರಂತೆ. ನಾಲ್ಕನೇ ಸಲ ಬಂದದ್ದು ಸಾವಿನ ಸುದ್ದಿ. ಕೇಳಿದಾಗ ರೂಪಶ್ರೀಗೆ ಅಯ್ಯೋ ಅನ್ನಿಸಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡಿದ್ದಳು.

ನಾಲ್ಕನೆಯದು ಶುರುವಾಯಿತು. ರಂಗನಾಯಕಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ಮೊದಲು ಡೋಲಿನ ಏಟು. ಸ್ಯಾಕ್ಸೋಫೋನು ಗಟ್ಟಿಮೇಳಕ್ಕೆ ಏರಿ ತಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಒಂದೇ ಒಂದು ದನಿ.

"ಸಾ, ಆರ್ ವರ್ಸ ಆಯ್ತು ಸಾ. ನಾಲೆ ನನ್ ವಲದ್ ಮ್ಯಾಲೇ ಓಯ್ತು. ಬದ್ಲಿ ಜಮೀನ್ ಕೊಡ್ತೀವಿ ಅಂದ್ರಿ. ಆಪೀಸ್ಗೆ ಬಂದ್ರೆ ಒಳೀಕೆ ಬುಡಾಕಿಲ್ಲ. ಅದ್ಕೇ ಇಲ್ಲೀಗಂಟ ಬಂದೆ. ಒಂದ್ ಮಾತ್ ಕೇಳಿ ಸಾ..."

ತಾಳ ನಿಂತಿತು. ಚಲುವನಾರಾಯಣ ಕಣ್ಣು ಬಿಟ್ಟರು.

"ಯಾರಮ್ಮ ನೀನು?"

"ಬೈರಯ್ಯನ ಮಗಳು. ಅವತ್ತು ನೀವು ಕೇಳಲಿಲ್ಲ ಸಾರ್. ಇವತ್ತು ಕೇಳಿದ್ರಿ. ಬರೋ ಭಾನುವಾರ ನಿಮ್ಮ ಸಭಾದಲ್ಲೂ ಹಾಕಿಸ್ತೀನಿ. ನಿಮ್ಮ ಸದಸ್ಯರೂ ಕೇಳಲಿ."

ರೂಪಶ್ರೀಯ ಎದೆ ಹಗುರಾಯಿತು. ಇಂಥ ಸುಖ ಅವಳು ಕಂಡಿರಲಿಲ್ಲ.

"ಇದು ಆ ಬೆಂಗಳೂರಿನವರ ಕೈಗೆ ಹೇಗೆ ಸಿಕ್ತು?" ಮುದುಕರು ಕೇಳಿದರು.

"ಮದುವೆಗೆ ಬಂದಿದ್ದ ವಿಡಿಯೋದವನೇ ಕಳಿಸಿರಬೇಕು. ಪುಣ್ಯಾತ್ಮ."

"ಅವನ ಹತ್ತಿರ ಎಲ್ಲಿತ್ತು? ಅವತ್ತೇ ಕಿತ್ಕೊಂಡು ಬಂದೆ. ಇದ್ದದ್ದು ಒಂದೇ ಕ್ಯಾಸೆಟ್. ಅದು ನಮ್ಮ ಬೀರುವಿನಲ್ಲಿ..."

ಅವರು ನಿಧಾನವಾಗಿ ಬಾಗಿಲಿನತ್ತ ತಿರುಗಿದರು. ಆಮೇಲೆ ದಡಕ್ಕನೆ ಎದ್ದು ಸ್ವಿಚ್ಚಿಗೆ ಕೈ ಚಾಚಿದರು.

ರಂಗನಾಯಕಿ ಆ ಕೈ ಹಿಡಿದುಕೊಂಡರು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಕೈಯನ್ನು ಹಾಗೆ ತಡೆದದ್ದು ಇದೇ ಮೊದಲು.

"ಕೂತ್ಕೊಳ್ಳಿ. ನಾನು ಹಾಕಿದ್ರೆ ಎದ್ದು ಹೋಗ್ತಿದ್ರಿ. ಮನೆಗೆ ಬಂದವರು ಹಾಕಿದಾಗ ಹಾಗೆ ಹೋಗೋ ಹಾಗಿಲ್ಲವಲ್ಲ. ಆ ಬೆಂಗಳೂರಿನವರಿಗೆ ನಾನು ಕಳಿಸಿದ್ದು ಎರಡು ಕ್ಯಾಸೆಟ್ಟು."

ಸ್ಯಾಕ್ಸೋಫೋನು ಮತ್ತೆ ಸಣ್ಣಗೆ ಎದ್ದಿತು.

"ಐದನೇದು ನಮ್ಮ ಪ್ರಿಯಂವದಾ."