ವಾಪಸ್ ಲೋಡು

ಕದನವಿರಾಮಕ್ಕೆ ಸಹಿ ಬಿದ್ದಾಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಯುದ್ಧ ಮುಗಿಯುವುದಿತ್ತು. ಬೆಳಿಗ್ಗೆ ಮೇಜರ್ ಫಿರಂಗಿಗಳ ಬಳಿ ಬಂದು, ಉಳಿದ ಶೆಲ್‌ಗಳನ್ನೆಲ್ಲ ನದಿಯಾಚೆಯ ಶತ್ರುವಿನ ಮೇಲೆ ಹಾರಿಸಿ ಮುಗಿಸಬೇಕೆಂದ.

"ಎಲ್ಲಾ ಮುಗೀತಲ್ಲ ಸಾರ್, ಈಗ್ಯಾಕೆ?" ಸುಬೇದಾರ್ ಮುದ್ದಯ್ಯ ಕೇಳಿದ.

"ಇಷ್ಟನ್ನೂ ವಾಪಸ್ ಹೊತ್ಕೊಂಡು ಹೋಗೋರು ಯಾರು? ಲಾರಿ ಇಲ್ಲ."

"ಲಾರಿ ಇಲ್ಲ ಅಂತ ಜನ ಸಾಯ್ಬೇಕಾ? ನಾವು ಹೊಡೆದ್ರೆ ಅವರೇನು ಸುಮ್ನೆ ಕೂತಿರ್ತಾರಾ? ಇಲ್ಲೇ ಬಿದ್ದಿರ್ಲಿ ಸಾರ್, ನಾನೇ ಕಾಯ್ತೀನಿ."

"ಬಾಯ್ಮುಚ್ಕೊಂಡು ಹೇಳಿದಷ್ಟು ಮಾಡ್ರೀ!"

ಮುದ್ದಯ್ಯ ಹಲ್ಲು ಕಚ್ಚಿಕೊಂಡು ತನ್ನ ಹುಡುಗರಿಗೆ ಸನ್ನೆ ಮಾಡಿದ. ಫಿರಂಗಿಗಳು ಗುಡುಗಿದವು. ಸ್ವಲ್ಪ ಹೊತ್ತಿಗೆ ಆಚೆ ದಡದಿಂದಲೂ ಶೆಲ್‌ಗಳು ಬಂದು ಬೀಳತೊಡಗಿದವು. ಹನ್ನೆರಡಕ್ಕೆ ಎರಡೂ ಕಡೆ ಸದ್ದಡಗಿತು.

ಊಟದ ಹೊತ್ತಿಗೆ ಧೂಳೆಬ್ಬಿಸಿಕೊಂಡು ಖಾಲಿ ಲಾರಿಗಳ ಸಾಲೇ ಬಂತು. ಮುಂದಿನ ಲಾರಿಯ ಡ್ರೈವರ್ ತಲೆ ಹೊರಹಾಕಿ, "ಉಳಿದಿರೋ ಶೆಲ್ ವಾಪಸ್ ತರೋಕೆ ಕಳಿಸಿದಾರೆ ಸಾರ್. ಎಲ್ಲಿದೆ ಲೋಡು?" ಎಂದ.

ಫಿರಂಗಿಗಳ ಪಕ್ಕ ಕಂಬಳಿ ಮುಚ್ಚಿ ಸಾಲಾಗಿ ಮಲಗಿಸಿದ್ದ ತನ್ನ ಹುಡುಗರತ್ತ ಮುದ್ದಯ್ಯ ಕೈ ತೋರಿಸಿದ.

"ಶೆಲ್ ಖಾಲಿ. ಇವರನ್ನ ತುಂಬ್ಕೋ."